ಚಂದ್ರಿಯ ಕಿವಿಗೆ ಬಿಲ್ಲೆ

ಗೋದೂಬಾಯಿಯವರಿಗೆ ಹೇಸಿಗೆ ಬರದ ವಸ್ತು ಸಿಂದಗಿಯಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನ ಗೋಡೆ ನೋಡಿದರೆ ಹೇಸಿಗೆ, ಹೋಟೆಲಿನ ಗ್ಲಾಸು ನೋಡಿದರೆ ಹೇಸಿಗೆ. ಎಲೆಅಡಿಕೆ ಜಗಿಯುತ್ತ ಮಾತಾಡುವ ಬಾಯಿ ಕಂಡರಂತೂ ಸೆರಗು ಸೀದಾ ಮೂಗಿಗೆ. ಮೂವತ್ತೊಂದು ವರ್ಷ ಕನ್ನಡ ಸಾಲೆಯಲ್ಲಿ ಕಲಿಸಿದರು, ಮೂವತ್ತೊಂದು ವರ್ಷವೂ ತಾಸಿಗೊಮ್ಮೆ ಕೈ ತೊಳೆದರು. ಹುಡುಗರು ಇಟ್ಟ ಹೆಸರು 'ಕೈತೊಳಿ ಅಕ್ಕೋರು'. ನಿವೃತ್ತಿಯಾದರೂ ಆ ಹೆಸರು ಬಿಡಲಿಲ್ಲ.

ಇಂಥವರ ಮನೆಯಲ್ಲಿ ಒಂದು ಬೆಕ್ಕು ಹಾಸಿಗೆಯ ಮೇಲೆ, ಅದೂ ತಲೆದಿಂಬಿನ ಮೇಲೆ ಮಲಗುತ್ತಿತ್ತು ಎಂದರೆ ನಂಬುತ್ತೀರಾ? ಮಲಗುತ್ತಿತ್ತು. ಬಿಳಿ ಮೈ, ಹಣೆಗೆ ಕರಿ ಮಚ್ಚೆ, ಹೆಸರು ಚಂದ್ರಿ. "ಅದರಷ್ಟು ಮಡಿ ಈ ಊರಾಗ ಯಾರು ಮಾಡ್ತಾರ? ಇಡೀ ದಿವಸ ಮೈ ತೊಳಕೋತದ," ಎಂದು ಬಾಯಿಯವರೇ ಅದರ ಪರ ವಕಾಲತ್ತು ಮಾಡುತ್ತಿದ್ದರು.

ಎರಡು ಸಾವಿರದ ಮೂರರ ಚಳಿಗಾಲದಲ್ಲಿ ಯಾವನದೋ ಬೈಕಿಗೆ ಸಿಕ್ಕು ಚಂದ್ರಿಯ ಹಿಂಗಾಲು ಮುರಿಯಿತು. ಬುಟ್ಟಿಯಲ್ಲಿ ಹಾಕಿಕೊಂಡು ದನದ ಡಾಕ್ಟರನೊಬ್ಬನ ಹತ್ತಿರ ಓಡಿದರೆ ಅವನು ಬುಟ್ಟಿಯೊಳಗೆ ಇಣುಕಿಯೂ ನೋಡಲಿಲ್ಲ. "ಎಮ್ಮಿ ಅಲ್ಲ, ಆಕಳ ಅಲ್ಲ. ಇದಕ್ಕೇನ ಮಾಡೂದ್ರಿ? ಓಣ್ಯಾಗ ಮರಿ ಬೇಕಾದಷ್ಟು ಅದಾವು, ಇನ್ನೊಂದ ಹಿಡಕೊಂಡ ಹೋಗ್ರಿ," ಎಂದವನೇ ಪಕ್ಕಕ್ಕೆ ಪಿಚಕ್ಕನೆ ಉಗುಳಿದ. ಥೂ! ಆ ಉಗುಳಿಗಿಂತ ಆ ಮಾತಿಗೇ ಬಾಯಿಯವರಿಗೆ ಹೆಚ್ಚು ಹೇಸಿಗೆ ಬಂತು.

ಮನೆಯಲ್ಲೇ ಕಡ್ಡಿ ಕಟ್ಟಿ, ಅರಿಸಿನ ಹಚ್ಚಿ ಕಾಲು ಕೂಡಿಸಿದರು. ಸ್ವಲ್ಪ ಕುಂಟು ಉಳಿಯಿತು. ಆದರೆ ಅಂದಿನಿಂದ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಚಂದ್ರಿಗೂ ಒಂದು ಕಾಗದ ಬೇಕು, ಮೊಹರಿನ ಸಿಕ್ಕಾ ಹೊಡೆದದ್ದು. ಅದನ್ನು ಮುಖಕ್ಕೆ ಹಿಡಿದರೆ ಇಂಥ ಹೊಲಸು ಬಾಯಿಯ ಡಾಕ್ಟರರು ಎದ್ದು ನಿಂತು ಔಷಧ ಕೊಡಬೇಕು.

ಆಗ ಒದಗಿಬಂದವನು ಸಂಗಮೇಶ. ನಾಲ್ಕನೆಯ ಇಯತ್ತೆಯಲ್ಲಿ ಅವರ ಕೈಯಿಂದಲೇ ಪೆಟ್ಟು ತಿಂದವನು, ಈಗ ದನಗಳ ವಿಮೆಯ ಏಜೆಂಟ.

"ಸಾಕಿದ ಬೆಕ್ಕಿಗೂ ಹೊಸಾ ಪಾಲಿಸಿ ಬಂದೈತ್ರಿ ಅಕ್ಕೋರ. ಎಮ್ಮಿಗೆ ಮಾಡಿದ್ಹಂಗ ಕಿವಿಗೆ ಒಂದು ಬಿಲ್ಲೆ ಹೊಡಿತೇವಿ. ಅದರ ಮ್ಯಾಲೆ ನಂಬರ ಇರತೈತಿ. ಮುಗೀತು."

ಬಿಲ್ಲೆ! ನಂಬರು! ಬಾಯಿಯವರಿಗೆ ಹಿಡಿಸಿತು. ಆದರೂ ಅಷ್ಟು ತೆಳ್ಳನೆಯ ಕಿವಿಗೆ ತೂತು ಹೊಡೆಸಬೇಕಲ್ಲ ಎಂದು ಜೀವ ಹಿಂದೇಟು ಹಾಕಿತು. ಅರ್ಜಿ ಇಸಿದುಕೊಂಡು, ಹೆಸರಿನ ಮುಂದೆ ದುಂಡಗೆ 'ಚಂದ್ರಿ' ಎಂದು ಬರೆದರು. ಸಹಿ ಮಾತ್ರ ಮಾಡಲಿಲ್ಲ. ಮಾಡಲೋ ಬಿಡಲೋ ಎಂದು ಎಂಟು ದಿನ ಬೆಕ್ಕಿನ ಕಿವಿ ಸವರುತ್ತ ಕೂತರು.

ಒಂಬತ್ತನೆಯ ದಿನ ಹಿಂದಿನ ಓಣಿಯ ಹೊನ್ನವ್ವನ ಎಮ್ಮೆ ಸತ್ತಿತು. ಇದ್ದದ್ದೇ ಒಂದು ಎಮ್ಮೆ, ಅದರ ಹಾಲು ಮಾರಿಯೇ ಅವಳ ಒಲೆ ಉರಿಯುತ್ತಿತ್ತು. ಚಂದ್ರಿ ಬೆಳೆದದ್ದೂ ಅದೇ ಹಾಲಿನಲ್ಲಿ. ಪುಣ್ಯಕ್ಕೆ ಎಮ್ಮೆಗೆ ವಿಮೆಯಿತ್ತು, ಮಾಡಿಸಿದವನು ಇದೇ ಸಂಗಮೇಶ. ಮಧ್ಯಾಹ್ನ ಅವನು ಹೊನ್ನವ್ವನನ್ನು ಕರೆದುಕೊಂಡು ಬಾಯಿಯವರ ಮನೆಗೇ ಬಂದ. ಅವಳಿಗೆ ಬರೆಯಲು ಬಾರದು, ಅರ್ಜಿ ತುಂಬಿಕೊಡಬೇಕಿತ್ತು. ತನ್ನ ಕೈಯಲ್ಲಿದ್ದ ಕರಿ ಕ್ಯಾರಿಬ್ಯಾಗನ್ನು ಪಡಸಾಲೆಯ ಮೂಲೆಗೆ ಒಗೆದು, "ಚಾ ಮಾಡ್ರಿ ಅಕ್ಕೋರ. ಎಮ್ಮಿದು, ಬೆಕ್ಕಿಂದು, ಎರಡೂ ಕೂಡೇ ಮುಗಸೂಣು," ಎಂದ.

"ಅದರಾಗ ಏನದನೋ? ನಾರಲಿಕ್ಕೆ ಹತ್ಯದ."

"ಎಮ್ಮಿ ಕಿವಿರಿ."

"ಏನಂದಿ?"

"ಕಿವಿರಿ. ಬಿಲ್ಲೆ ಸಮೇತ ಕೊಯ್ದು ಆಫೀಸಿಗೆ ಒಪ್ಪಿಸಬೇಕು. ಬರೇ ಬಿಲ್ಲೆ ಒಯ್ದ್ರ ಜೀವಂತ ಎಮ್ಮಿದು ಕಿತ್ತು ತಂದಾರ ಅಂತಾರ. ಕಿವಿ ಇಲ್ಲಂದ್ರ ಏನೂ ಸಿಗಂಗಿಲ್ಲ."

ಬಾಯಿಯವರು ಸೆರಗು ಮೂಗಿಗೆ ಒತ್ತಿಕೊಂಡರು. "ಬೆಕ್ಕಿಗೂ ಹಿಂಗ ಏನು?"

"ರೂಲ ಅಂದ್ರ ರೂಲ ಅಲ್ರಿ."

"ಕಾಲು ಮುರೀತಂದ್ರ? ಔಷಧಕ್ಕ?"

"ಅದಕ್ಕೇನೂ ಇಲ್ರಿ. ಸತ್ತರಷ್ಟ. ನೀವೇನ ಕಾಳಜಿ ಮಾಡಬ್ಯಾಡ್ರಿ, ಚಂದ್ರಿ ಸತ್ತ ದಿವಸ ನಾನ ಖುದ್ದ ಕತ್ರಿ ತಗೊಂಡ ಬರ್ತೇನಿ. ಸಣ್ಣ ಕಿವಿ, ಕಿಸೇದಾಗ ಹಿಡಿತೈತಿ," ಎಂದು ನಕ್ಕ.

ಛೀ! ಹಲ್ಲು ಕಿರಿಯುವ ಇವನಿಗೆ ನಾನೇ ಅಕ್ಷರ ಕಲಿಸಿದೆನೆ ಎಂದು ಬಾಯಿಯವರಿಗೆ ತಮ್ಮ ಮೇಲೆಯೇ ಅಸಹ್ಯವಾಯಿತು.

ಅಷ್ಟರಲ್ಲಿ ಹೊನ್ನವ್ವ ಚಿಟ್ಟನೆ ಚೀರಿದಳು. "ಅಯ್ಯಯ್ಯ ಬಾಯಾರ, ಬೆಕ್ಕ!"

ಕ್ಯಾರಿಬ್ಯಾಗು ಹರಿದು ಬಿದ್ದಿತ್ತು. ಚಂದ್ರಿ ತನ್ನ ತಲೆಗಿಂತ ದೊಡ್ಡ ಕಿವಿಯನ್ನು ಕಚ್ಚಿ ಎಳೆಯುತ್ತ, ಕುಂಟುತ್ತ ಮಂಚದ ಕೆಳಗೆ ನುಸುಳಿತು. ಸಂಗಮೇಶ ಬಗ್ಗಿ ಕೈ ಹಾಕಿದ. ಬೆಕ್ಕು ಗುರ್ರೆಂದಿತು. "ಕಚ್ಚತೈತ್ರಿ," ಎಂದು ಕೈ ತೆಗೆದು ಗೋಡೆಗೆ ಆತು ನಿಂತ. ಹೊನ್ನವ್ವ ಹೊಸ್ತಿಲಲ್ಲೇ ಕುಸಿದಳು. "ಎಮ್ಮಿನೂ ಹೋತು, ಕಿವಿನೂ ಹೋತು, ನಾ ಏನ ತಿನ್ನಲೆವ್ವಾ!"

ಬಾಯಿಯವರು ಮಂಚದ ಕೆಳಗೆ ಇಣುಕಿದರು. ತಲೆದಿಂಬಿನ ಮೇಲೆ ಮಲಗುವ ಆ ಬಿಳಿ ಮೂತಿಯ ತುಂಬ ಕೆಂಪು ಕೆಸರು. ಜೀವನದಲ್ಲಿ ಮೊದಲ ಸಲ ಚಂದ್ರಿಯ ಮೇಲೂ ಹೇಸಿಗೆ ಬಂತು. ಆದರೂ ಮಡಿಸೀರೆಯಲ್ಲೇ ನೆಲಕ್ಕೆ ಬೋರಲು ಬಿದ್ದು ಬರಿಗೈ ಚಾಚಿದರು. ಬೆಕ್ಕು ಪರಚಿತು. ಬಿಡಲಿಲ್ಲ. ತಣ್ಣಗಿನ ಕೂದಲು, ಜಿಗಟು, ಕೊಯ್ದ ಮೆತ್ತನೆ ಅಂಚು ಬೆರಳಿಗೆ ಹತ್ತಿದವು. ಎಳೆದರು. ಬಿಲ್ಲೆ ಕಿವಿಯಲ್ಲೇ ಇತ್ತು.

ಎದ್ದವರೇ ಮೇಜಿನ ಮೇಲಿದ್ದ ಅರ್ಜಿ ತೆಗೆದು, 'ಚಂದ್ರಿ' ಎಂದು ಬರೆದದ್ದು ಒಳಗೆ ಹೋಗುವಂತೆ ಅದರಲ್ಲಿ ಎಮ್ಮೆಯ ಕಿವಿಯನ್ನು ಸುತ್ತಿದರು.

"ಅಕ್ಕೋರ, ಅದು ಬೆಕ್ಕಿನ ಫಾರ್ಮ..."

"ಗೊತ್ತದ. ಬಾಯಿ ಮುಚ್ಚು." ಪೊಟ್ಟಣವನ್ನು ಹೊನ್ನವ್ವನ ಉಡಿಯಲ್ಲಿ ಇಟ್ಟರು. "ನೀನ ಹಿಡಕೊಂಡು ನಡಿ. ಇವನ ಕೈಯಾಗ ಕೊಡಬ್ಯಾಡ. ಆಫೀಸಿನಾಗ ಕೂತು ನಾ ಬರದುಕೊಡ್ತೀನಿ."

"ಮೊದಲ ಕೈಯಾದ್ರೂ ತೊಳಕೊಳ್ರಿ," ಎಂದ ಸಂಗಮೇಶ, ಮೂಗು ಹಿಡಿದುಕೊಂಡು.

"ಇದು ಮೊದಲ ಆಫೀಸಿಗೆ ಮುಟ್ಟಲಿ. ಆಮ್ಯಾಲೆ ತೊಳಕೊಂಡ್ರಾತು."

ಮಂಚದ ಕೆಳಗಿನಿಂದ ಬಂದ ಚಂದ್ರಿ ಮೂತಿ ನೆಕ್ಕಿಕೊಂಡು, ಪಂಜಾದಿಂದ ಒಂದು ಕಿವಿ, ಆಮೇಲೆ ಇನ್ನೊಂದು ಕಿವಿ ಸವರಿಕೊಳ್ಳುತ್ತ ಕೂತಿತು. ಕೈತೊಳಿ ಅಕ್ಕೋರು ಕೈ ತೊಳೆಯದೆ ಹೊಸ್ತಿಲು ದಾಟಿದ್ದನ್ನು ಓಣಿಯವರು ಅಂದೇ ಮೊದಲ ಸಲ ಕಂಡರು.