ಎರಡು ಭಾಷೆಯ ಉಳುಮೆ

ನಮ್ಮ ಪಕ್ಕದ ಗದ್ದೆಯ ಯಜಮಾನರು ಮಲಯಾಳ ಆಡುತ್ತಿದ್ದುದು ಒಂದು ಎತ್ತಿನ ಜೊತೆ ಮಾತ್ರ. ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಗದ್ದೆ ಮಾಡಿಕೊಂಡಿದ್ದವರು ಅವರು. ಆ ಎತ್ತು ಮಲಯಾಳ ಸೀಮೆಯ ಗಡಿಯ ಮಾಕುಟ್ಟದ ಆಚೆಯಿಂದ ಬಂದದ್ದು. ಅದರ ಜೋಡಿ ಅವರ ಹುಟ್ಟೂರಿನದೇ. ಹಾಗಾಗಿ ಉಳುವಾಗ ಪ್ರತಿ ಮಾತನ್ನೂ ಎರಡು ಸಲ ಹೇಳುವರು. ಎಡಕ್ಕೆ ಬಾಗಿ "ವಾ ಮೋನೇ", ಬಲಕ್ಕೆ ಬಾಗಿ "ಬಾರ್ಲಾ ಮಗಾ".

"ಎರಡಕ್ಕೂ ಒಂದೇ ಭಾಷೆ ಕಲಿಸ್ಬಾರ್ದಾ ಅಣ್ಣಾ?" ಎಂದು ಕೇಳಿದ್ದೆ.

"ದುಡಿಯೋವು ಅವು. ಕಲಿಯೋದೂ ಅವೇನಾ?" ಎಂದರು.

ಒಂದು ಮಳೆಗಾಲದಲ್ಲಿ ಸಸಿ ಬಲಿತು ನಾಟಿಗೆ ಕಾಯುತ್ತಿದ್ದಾಗಲೇ ಅವರ ಗಂಟಲು ಪೂರ್ತಿ ಕಟ್ಟಿತು. ಉಳುಮೆ ತಡವಾದರೆ ಸಸಿ ಕೆಲಸಕ್ಕೆ ಬಾರದು. ಮಾತಿಲ್ಲದೆ ಎತ್ತುಗಳು ಏನು ಮಾಡುತ್ತವೋ ಎಂಬ ಕುತೂಹಲಕ್ಕೆ ನಾನು ಬದುವಿನ ಮೇಲೆ ನಿಂತೆ. ಅವರು ಸುಮ್ಮನೆ ನೇಗಿಲು ಹಿಡಿದರು. ಎತ್ತುಗಳು ನೆಟ್ಟಗೆ ಹೊರಟವು, ಗದ್ದೆಯ ಕೊನೆಯಲ್ಲಿ ತಾವೇ ತಿರುಗಿದವು. ಸಂಜೆಯೊಳಗೆ ಉಳುಮೆ ಮುಗಿಯಿತು. ಯಜಮಾನರು ಮಾತ್ರ ಸಪ್ಪಗಿದ್ದರು. ಎರಡರ ಬೆನ್ನನ್ನೂ ಬಹಳ ಹೊತ್ತು ತಿಕ್ಕಿದರು.

ಗಂಟಲು ಬಿಟ್ಟದ್ದೇ ತಡ, ಮತ್ತೆ ಅದೇ ಎರಡು ಭಾಷೆ. ನನಗೆ ತಡೆಯಲಾಗಲಿಲ್ಲ.

"ಅವಕ್ಕೆ ಮಾತೇ ಬೇಡ ಅಂತ ನೀವೇ ನೋಡಿದ್ರಲ್ಲ ಅಣ್ಣಾ?"

"ನೋಡ್ದೆ ಕಣಪ್ಪ," ಎಂದು ಅವರು ನೊಗದ ಹಗ್ಗ ಸರಿಮಾಡಿದರು. "ಅವಕ್ಕೆ ಬ್ಯಾಡ. ಆದ್ರೆ ಒಂದ್ ಮಾತೂ ಆಡ್ಸದೆ ದಿನವೆಲ್ಲ ದುಡಿಸ್ಕಳಾಕೆ ನಂಗೆ ಮನಸ್ಸು ಬರಬೇಕಲ್ಲ?"