ಅಣ್ಣನ ಹೆಸರಿನ ಎಡೆ

ವಲಸೆಯ ಕಾನೂನು ದೊಡ್ಡ ಊರಿನವರ ತಲೆನೋವು, ಹಳ್ಳಿಯವರಿಗೇನು ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಂಥವರು ಆ ವರ್ಷ ಗುಡೇಕೋಟೆಯ ನಮ್ಮ ಮನೆಯಲ್ಲಿ ಒಂದು ದಿನ ಇದ್ದು ನೋಡಬೇಕಿತ್ತು.

ತೊಂಬತ್ತರ ದಶಕದ ಮೊದಲಲ್ಲಿ ಅಣ್ಣ ಕೊಲ್ಲಿ ದೇಶಕ್ಕೆ ಹೋದ. "ಇಲ್ಲೂ ಕುರಿ ಕಾಯೋದ ಐತಿ, ಅಲ್ಲೂ ಕುರಿ ಕಾಯೋದ ಐತಿ. ಅಲ್ಲಿ ಕಾದ್ರ ರೊಕ್ಕ ಬರ್ತೈತವ್ವ," ಎಂದು ನಗಿಸಿ ಹೋಗಿದ್ದ. ಅಲ್ಲಿ ಮಾಲೀಕ ಪಾಸ್‌ಪೋರ್ಟ್ ಕಸಿದುಕೊಂಡು ಹೊಡೆದನಂತೆ. ಅಣ್ಣ ತಪ್ಪಿಸಿಕೊಂಡು ಇನ್ನೊಬ್ಬನ ಮಂದೆ ಸೇರಿದನಂತೆ. ಮಾಲೀಕನನ್ನು ಬಿಟ್ಟು ಓಡಿದವನು ಅಪರಾಧಿ ಎನ್ನುವುದು ಆ ದೇಶದ ಕಾನೂನು. ಸಿಕ್ಕಿಬೀಳುವ ಹೆದರಿಕೆಗೆ ಅವನು ಒಂದು ಕಾಗದವನ್ನೂ ಹಾಕಲಿಲ್ಲ. ಇದೆಲ್ಲ ನಮಗೆ ತಿಳಿದದ್ದು ಆಮೇಲೆ. ಆಗ ಗೊತ್ತಿದ್ದದ್ದು ಇಷ್ಟೇ: ವರ್ಷಗಟ್ಟಲೆ ಸುದ್ದಿಯಿಲ್ಲ.

"ಸತ್ತಾನೋ ಬದುಕ್ಯಾನೋ, ಎಡಿ ಇಟ್ಟುಬಿಡ್ರಿ. ಹಸದು ತಿರುಗಬಾರದು," ಎಂದರು ಕುಲದ ಹಿರಿಯರು. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ತೀರಿಹೋದವರ ಹೆಸರಲ್ಲಿ ಹೊಸ ಬಟ್ಟೆ ಇಟ್ಟು, ಎಲೆ ಹಾಕಿ ಬಡಿಸುತ್ತೇವೆ. ಅವ್ವ ಅಳುತ್ತಲೇ ಅಪ್ಪನ ಎಡೆಯ ಪಕ್ಕ ಅಣ್ಣನಿಗೂ ಒಂದು ಎಡೆ ಇಟ್ಟಳು.

ಅದಾದ ಮೇಲೆ ಆ ದೇಶದ ಸರ್ಕಾರ ಕಾನೂನು ಬದಲಿಸಿತು. ಕಾಗದಪತ್ರವಿಲ್ಲದವರು ಗಡುವಿನೊಳಗೆ ದೇಶ ಬಿಟ್ಟರೆ ಮಾಫಿ, ಉಳಿದರೆ ಜೈಲು. ಒಂದು ಮಧ್ಯಾಹ್ನ ಕೂಡ್ಲಿಗಿ ಬಸ್ಸಿನಿಂದ ಅಣ್ಣ ಇಳಿದ. ಅಯ್ಯಯ್ಯೋ, ಏನು ಸಂತೋಷ! ಅವ್ವ ಅವನ ಗಲ್ಲ ಹಿಡಿದವಳು ಬಿಡಲೇ ಇಲ್ಲ.

ವಾರ ಕಳೆಯುವುದರೊಳಗೆ ಅವ್ವನಿಗೆ ಕನಸು ಶುರುವಾಯಿತು. "ಹೊಸ್ತಿಲದಾಗ ಒಬ್ಬಾತ ನಿಂತಿರ್ತಾನ. ನಾ ಹೊಲಿಸಿಕೊಟ್ಟ ನೀಲಿ ಅಂಗಿ ಹಾಕ್ಯಾನ. ನೀರು ಕೇಳ್ತಾನ," ಎನ್ನುವಳು. ಕೊಲ್ಲಿಗೆ ಹೋಗುವಾಗ ಅಣ್ಣ ಒಯ್ದಿದ್ದ ಆ ಅಂಗಿ ಈಗ ಅವನ ಚೀಲದಲ್ಲಿರಲಿಲ್ಲ. ಬರಬರುತ್ತ ಅವಳು ಅಣ್ಣನಿಂದ ದೂರ ಕೂರತೊಡಗಿದಳು.

"ಅಂವ ನನ್ನ ಮಗ ಆದ್ರ, ಇಂವ ಯಾರವ್ವಾ?" ಎಂದು ಒಮ್ಮೆ ನನ್ನನ್ನೇ ಕೇಳಿದಳು.

"ನಿನಗೇನ್ ತಲಿ ಕೆಟ್ಟೈತಾ? ಬದುಕಿದ ಮಗನ್ನ ಮುಂದಿಟ್ಕೊಂಡು ಇಂಥಾ ಮಾತಾ!" ಎಂದು ಬೈದೆ. ಬೈದೆನೇನೋ ನಿಜ, ಸಂಜೆಯಾದರೆ ನಾನೂ ಹೊಸ್ತಿಲ ಕಡೆ ನೋಡುತ್ತಿರಲಿಲ್ಲ.

ಮತ್ತೆ ಅಮಾವಾಸ್ಯೆ ಬಂತು. ಅವ್ವ ಆ ಸಲವೂ ಅಣ್ಣನ ಎಡೆ ಹಾಕಿದಳು. ನನಗೆ ತಡೆಯಲಾಗಲಿಲ್ಲ, ಎಲೆ ಎತ್ತಲು ಹೋದೆ. ಅಣ್ಣ ಕೈ ಹಿಡಿದ.

"ಇರ್ಲಿ ಬಿಡು. ಗಡುವು ಮುಗಿಯೋದರಾಗ ಪಟ್ಟಣ ಮುಟ್ಟಬೇಕಂತ ಮರಳಾಗ ನಡಕೊಂಡು ಬಂದೆ. ದಾರ್ಯಾಗ ಒಬ್ಬಾತ ಜೊತಿಯಾದ, ನನ್ನಂಗ ಓಡಿ ಬಂದಾತ. ನೀರು ನೀರು ಅಂತ ಸತ್ತ. ನನ್ನ ಅಂಗಿ ಹೊದಿಸಿ, ಮರಳು ಮುಚ್ಚಿ ಬಂದೀನಿ. ಅಲ್ಲೇ ನಿಂತಿದ್ರ ನನ್ನ ಗಡುವೂ ಮುಗೀತಿತ್ತು."

ಅವ್ವ ಹತ್ತಿರ ಬಂದು ಅವನ ತಲೆ ಸವರಿದಳು. "ಆತನ ಹೆಸರೇನಪ್ಪಾ? ಹೆಸರು ಹಿಡಿದು ಕರೀದಿದ್ರ ಎಡಿಗೆ ಹೆಂಗ ಬರ್ತಾನ?"

"ಗೊತ್ತಿಲ್ಲವ್ವ. ಆತನ ಮಾತು ನನಗ ತಿಳೀತಿರಲಿಲ್ಲ. ಕೈಸನ್ನಿ ಮ್ಯಾಲೇ ನಡದ್ವಿ."

ಅವ್ವ ಎಲೆಯ ಮುಂದೆ ತಂಬಿಗೆ ನೀರಿಟ್ಟಳು. ಬಾಗಿಲ ಕಡೆ ತಿರುಗಿ ಅಣ್ಣನ ಹೆಸರನ್ನೇ ಕೂಗಿದಳು. ಪಕ್ಕದಲ್ಲೇ ಕೂತಿದ್ದ ಅಣ್ಣ ಓಗೊಡಲಿಲ್ಲ.