ಮೂರನೆಯ ಊರು

ದಾಂಡೇಲಿಯ ಸಂತೆಯಲ್ಲಿ ಒಣಮೀನಿನ ಸಾಲು ದಾಟುವಾಗ ಈಗಲೂ ನನ್ನ ಕಾಲು ತಾನಾಗಿ ನಿಧಾನವಾಗುತ್ತದೆ. ಆ ಉಪ್ಪುವಾಸನೆಯ ಹಿಂದೆಯೇ ಹೊನ್ನಮ್ಮ ಬರುತ್ತಾಳೆ, ಹೊನ್ನಮ್ಮನ ಹಿಂದೆ ನಮ್ಮ ಆಯಿ, ಅಪ್ಪನ ತಾಯಿ. ಕಾರವಾರದ ಕಡೆಯ ಕೊಲ್ಲಿಯೊಂದರ ದಂಡೆಯಲ್ಲಿ ಹುಟ್ಟಿ, ಮದುವೆಯಾಗಿ ಘಟ್ಟ ಹತ್ತಿ, ಮಿಲ್ಲಿನ ಹಿಂದಿನ ನಮ್ಮ ಚಾಳಿಗೆ ಬಂದವಳು ಆಯಿ. ಹೊನ್ನಮ್ಮ ಅದೇ ಕೊಲ್ಲಿಯಿಂದ ಪ್ರತಿ ಬೇಸಿಗೆಯಲ್ಲೂ ಅಣಶಿ ಘಟ್ಟದ ಬಸ್ಸಿನಲ್ಲಿ ಒಣಮೀನು ತರುತ್ತಿದ್ದಳು. "ಕಂಡಕ್ಟರ ಬುಟ್ಟಿನ ಟಾಪಿಗೆ ಹಾಕ್ದ. ನನ್ನೂ ಹಾಕ್ತಿದ್ದ, ಏಣಿ ಹತ್ತುಕೆ ಆಗ್ಲಿಲ್ಲ" ಎಂದು ನಗುತ್ತ ನಮ್ಮ ಮನೆಯ ಕಟ್ಟೆಯ ಮೇಲೆ ಕೂರುತ್ತಿದ್ದಳು.

ಆಯಿ ಮೀನು ಆರಿಸುವ ಮೊದಲು ಒಂದು ಪದ್ಧತಿಯಿತ್ತು. ಕೊಲ್ಲಿಯ ಸುತ್ತಲಿನ ನಾಲ್ಕು ಊರುಗಳ ಸುದ್ದಿಯನ್ನು ಹೊನ್ನಮ್ಮ ದೋಣಿಯಲ್ಲಿ ದಂಡೆಗುಂಟ ಬಂದ ಹಾಗೆ ಸಾಲಾಗಿ ಹೇಳಬೇಕು: ತೆಂಗಿನಕೊಡಿ, ಹಾರಗದ್ದೆ, ಮಾಣಿಕೇರಿ, ಕಲ್ಲುಬೇಣ. ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರು, ಯಾರ ಬಲೆ ಹರಿಯಿತು, ಯಾರು ಯಾರೊಡನೆ ಮಾತು ಬಿಟ್ಟರು. ಮಾಣಿಕೇರಿ ಆಯಿಯ ತವರು. ಅದು ಬಂದಾಗ ಅಕ್ಕಿ ಹಸನು ಮಾಡುತ್ತಿದ್ದ ಮೊರದ ಮೇಲಿನ ಅವಳ ಕೈ ನಿಂತುಬಿಡುತ್ತಿತ್ತು.

ನಾನು ಆರನೆಯ ಇಯತ್ತೆಯಲ್ಲಿದ್ದ ವರ್ಷ ಹೊನ್ನಮ್ಮ ಹಾರಗದ್ದೆ ಮುಗಿಸಿ ನೇರ ಕಲ್ಲುಬೇಣಕ್ಕೆ ದಾಟಿದಳು.

"ನಡುವಿಂದು ಎಲ್ಲಿ ಹೋತು?" ಎಂದಳು ಆಯಿ.

ಹೊನ್ನಮ್ಮ ಬಾಂಗಡೆ ಮೀನುಗಳನ್ನು ಸುಮ್ಮನೆ ಆಚೀಚೆ ಜೋಡಿಸಿದಳು. "ಸರ್ಕಾರದೋರು ಜಾಗ ಬೇಕು ಅಂತ ಎಲ್ಲಾರ್ನೂ ಎಬ್ಬಿಸಿದ್ರು, ಅಮ್ಮ. ಊರ ಸುತ್ತ ಬೇಲಿ ಹಾಕಿದ್ರು. ನಿಮ್ಮ ಅಣ್ಣನ ಮಕ್ಕಳು ಎತ್ಲಾಗೆ ಹೋದ್ರೋ ಗೊತ್ತಿಲ್ಲ."

ಮಿಲ್ಲಿನ ಭೋಂಗಾ ಕೂಗಿತು. ಅದು ನಿಂತ ಮೇಲೆ ಆಯಿ, "ಸಾಲು ತಪ್ಪಿಸೀದಿ. ಮೊದಲಿಂದ ಹೇಳು" ಎಂದಳು.

ಹೊನ್ನಮ್ಮ ಮತ್ತೆ ತೆಂಗಿನಕೊಡಿಯಿಂದ ಹೊರಟಳು. ಹಾರಗದ್ದೆಯಾದ ಮೇಲೆ ತುಸು ತಡೆದು, "ಮಾಣಿಕೇರೀಲಿ ನಿಮ್ಮ ಬಾವಿ ಹತ್ರದ ಸುರಗಿ ಈ ಸಲ ಮರ ತುಂಬ ಹೂ ಬಿಟ್ಟದೆ" ಎಂದಳು.

"ಹೂಂ. ಮುಂದ?"

ನನಗೆ ತಡೆಯಲಾಗಲಿಲ್ಲ. "ಆಯಿ, ಅಲ್ಲಿ ಊರ ಇಲ್ಲಂತಲ್ಲ!"

"ಸುಮ್ಕಿರವಾ. ಮರಕ್ಕ ಯಾರು ನೋಟೀಸ್ ಕೊಟ್ಟಾರ?"

ಅಲ್ಲಿಂದ ಮುಂದೆ ಪ್ರತಿ ವರ್ಷವೂ ಆ ಸುರಗಿ ಹೂ ಬಿಟ್ಟಿತು. ಬಾವಿಯ ನೀರು ಸಿಹಿಯಾಗಿಯೇ ಉಳಿಯಿತು. ಅಣ್ಣನ ಮೊಮ್ಮಗಳಿಗೆ ಹಲ್ಲು ಬಂದವು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಆ ಊರನ್ನು ದಾಟುತ್ತಿದ್ದರು.

ಆಯಿ ತೀರಿಕೊಂಡ ಮೇಲೆಯೂ ಒಂದು ಸಲ ಹೊನ್ನಮ್ಮ ಬಂದಳು. ಸುದ್ದಿ ಕೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಅದೇ ಕಟ್ಟೆಯ ಮೇಲೆ ಕೂತು ನನಗೆ ಊರುಗಳನ್ನು ಹೇಳತೊಡಗಿದಳು. ತೆಂಗಿನಕೊಡಿ, ಹಾರಗದ್ದೆ. ಅಲ್ಲಿ ನಿಂತು ನನ್ನ ಮುಖ ನೋಡಿದಳು. ನಾನು "ಮುಂದ?" ಅನ್ನಬೇಕಿತ್ತು. ಕಾಲೇಜು ಮೆಟ್ಟಿಲು ಹತ್ತಿದ್ದ, ನಿಜ ಬಲ್ಲ ಹುಡುಗಿ ನಾನು, ಸುಮ್ಮನಿದ್ದೆ. ಹೊನ್ನಮ್ಮ ಕಲ್ಲುಬೇಣಕ್ಕೆ ಹೋದಳು. ಮರುವರ್ಷ ಬರಲಿಲ್ಲ.

ಇಂದಿಗೂ ಸಂತೆಯಿಂದ ಬಾಂಗಡೆ ಕಟ್ಟಿಸಿಕೊಂಡು ಮರಳುವಾಗ ಮನಸ್ಸಿನಲ್ಲೇ ಒಬ್ಬಳೇ ಆ ಕೊಲ್ಲಿಯ ದಂಡೆಗುಂಟ ಬರುತ್ತೇನೆ. ಎರಡು ಊರು ದಾಟಿ, "ಮುಂದ?" ಅನ್ನುತ್ತೇನೆ. ಸುರಗಿ ಈ ಸಲ ಹೂ ಬಿಟ್ಟಿತೋ ಇಲ್ಲವೋ, ಹೇಳುವವರಿಲ್ಲ.